ಬಾಯ್ಲರ್‌ನ ಕಂಡೆನ್ಸೇಟ್ ಪೈಪ್ ಕಟ್ಟಿಕೊಂಡಾಗ: ಬ್ರಿಟನ್ನಿನ ಕನ್ನಡ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಜನವರಿಯ ಬೆಳಿಗ್ಗೆ ಆರು ಗಂಟೆ. ರೇಡಿಯೇಟರ್ ಮುಟ್ಟಿದರೆ ಕಲ್ಲು ಮುಟ್ಟಿದ ಹಾಗೆ, ಬಾಯ್ಲರ್‌ನ ಪರದೆಯಲ್ಲಿ ಅರ್ಥವಾಗದ ಎರಡು ಅಕ್ಷರ ಮಿನುಗುತ್ತಿರುತ್ತವೆ. ಇಂಥ ಹೊತ್ತಿನಲ್ಲಿ ಬಹಳ ಸಲ ಬಾಯ್ಲರ್ ಕೆಟ್ಟಿರುವುದಿಲ್ಲ. ಗೋಡೆಯಾಚೆ ಹೋಗುವ ಬಿಳಿ ಪ್ಲಾಸ್ಟಿಕ್ ಕೊಳವೆಯೊಂದರಲ್ಲಿ ನೀರು ನಿಂತಿರುತ್ತದೆ, ಅಷ್ಟೆ. ಬಾಯ್ಲರ್ ಉರಿಯುವಾಗ ಹುಟ್ಟುವ ಆ ನೀರಿಗೇ ಕಂಡೆನ್ಸೇಟ್ ಎನ್ನುತ್ತಾರೆ. ಇಲ್ಲಿ ಬರೆದದ್ದೆಲ್ಲ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಗೋಡೆಗೆ ತೂಗುಹಾಕಿದ, ನೈಸರ್ಗಿಕ ಅನಿಲದ ಮನೆ ಬಾಯ್ಲರ್‌ಗಳ ಬಗ್ಗೆ.

ಮೊದಲೇ ಒಂದು ಮಾತು: ಗ್ಯಾಸ್ ವಾಸನೆ ಬಂದರೆ?

ಮುಂದಿನದ್ದನ್ನು ಓದಬೇಡಿ. ಸ್ವಿಚ್ ಒತ್ತಬೇಡಿ, ಕಿಟಕಿ ಬಾಗಿಲು ತೆರೆಯಿರಿ, ಮೀಟರ್ ಹತ್ತಿರದ ಹಿಡಿ ತಿರುಗಿಸಿ ಗ್ಯಾಸ್ ನಿಲ್ಲಿಸಿ, ಹೊರಗೆ ಬಂದು 0800 111 999ಕ್ಕೆ ಕರೆ ಮಾಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಕೂಗಿದರೂ ಇದೇ ಕ್ರಮ.

ಗ್ಯಾಸ್ ಉರಿಸುವ ಯಂತ್ರದೊಳಗೆ ನೀರು ಎಲ್ಲಿಂದ ಬಂತು?

ಉರಿಯಿಂದಲೇ. ನೈಸರ್ಗಿಕ ಅನಿಲದಲ್ಲಿ ಹೆಚ್ಚಿನ ಪಾಲು ಮೀಥೇನ್. ಅದು ಉರಿದಾಗ ಇಂಗಾಲದ ಡೈಆಕ್ಸೈಡಿನ ಜೊತೆ ನೀರಾವಿಯೂ ಹುಟ್ಟುತ್ತದೆ. ಒಂದು ಘನ ಮೀಟರ್ ಅನಿಲ ಉರಿದರೆ ಸುಮಾರು ಒಂದೂವರೆ ಲೀಟರ್ ನೀರಿನಷ್ಟು ಆವಿ. ಹಳೆಯ ಬಾಯ್ಲರ್‌ಗಳು ಈ ಆವಿಯನ್ನು ಚಿಮಣಿಯಲ್ಲಿ ಬಿಟ್ಟುಬಿಡುತ್ತಿದ್ದವು. ಊರಿನ ಬಚ್ಚಲುಮನೆಯ ಹಂಡೆ ಒಲೆಯಲ್ಲೂ ಬಿಸಿಯ ಅರ್ಧ ಪಾಲು ಹೊಗೆಯ ಜೊತೆಗೇ ಹೋಗುತ್ತಿತ್ತಲ್ಲ, ಹಾಗೆ. ಕಂಡೆನ್ಸಿಂಗ್ ಬಾಯ್ಲರ್ ಆ ಆವಿಯನ್ನು ತಣಿಸಿ ನೀರಾಗಿಸುತ್ತದೆ, ಆಗ ಬಿಡುಗಡೆಯಾಗುವ ಶಾಖವನ್ನೂ ರೇಡಿಯೇಟರ್‌ಗೆ ಕೊಡುತ್ತದೆ. ರೇಡಿಯೇಟರ್ ಸುತ್ತಿ ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಇದು ನಡೆಯುತ್ತದೆ. ಏಸಿಯ ಹಿಂದಿನ ಸಣ್ಣ ಕೊಳವೆಯಿಂದ ತೊಟ್ಟಿಕ್ಕುವ ನೀರನ್ನು ನೀವು ನೋಡಿರುತ್ತೀರಿ. ಅದಕ್ಕೂ ಇದಕ್ಕೂ ತತ್ವ ಒಂದೇ. ವ್ಯತ್ಯಾಸ ಏನೆಂದರೆ ಇದು ಹುಳಿ ನೀರು, ಪಿಎಚ್ 3ರಿಂದ 5ರ ಒಳಗೆ. ಹಾಗಾಗಿ ತಾಮ್ರ, ಕಬ್ಬಿಣ, ಸಿಮೆಂಟು ಮೂರನ್ನೂ ಮೆಲ್ಲಗೆ ತಿನ್ನುತ್ತದೆ. ಇದರ ಪೈಪು ಯಾವತ್ತೂ ಪ್ಲಾಸ್ಟಿಕ್ಕಿನದೇ ಇರಬೇಕೆಂಬ ನಿಯಮ ಬಂದದ್ದು ಅದಕ್ಕೇ.

ಸಾಧಾರಣ ಮನೆಯ ಬಾಯ್ಲರ್ ಚೆನ್ನಾಗಿ ಉರಿಯುತ್ತಿದ್ದರೆ ಗಂಟೆಗೆ ಎರಡು ಲೀಟರ್‌ವರೆಗೆ ಈ ನೀರು ಬರುತ್ತದೆ. ಹೊಳೆಯ ಹಾಗೆ ಹರಿದು ಬರುವುದಿಲ್ಲ, ಹನಿಹನಿಯಾಗಿ. ಚಳಿಗಾಲದ ತೊಂದರೆಯೆಲ್ಲ ಈ ಹನಿಯಲ್ಲೇ ಇದೆ.

ನಮ್ಮ ಮನೆಯದು ಕಂಡೆನ್ಸಿಂಗ್ ಬಾಯ್ಲರೇ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಏಪ್ರಿಲ್‌ನಿಂದ, ಕೆಲವು ವಿನಾಯಿತಿ ಬಿಟ್ಟು, ಹೊಸದಾಗಿ ಹಾಕುವ ಗ್ಯಾಸ್ ಬಾಯ್ಲರ್ ಕಂಡೆನ್ಸಿಂಗ್ ಆಗಿರಲೇಬೇಕು. ಬಾಯ್ಲರ್‌ನ ತಳದಿಂದ ಒಂದು ಪ್ಲಾಸ್ಟಿಕ್ ಪೈಪ್ ಇಳಿದಿದ್ದರೆ ಉತ್ತರ ಹೌದು.

ಹೊರಗೋಡೆಯಲ್ಲಿ ಎರಡು ಮೂರು ಪೈಪುಗಳಿವೆ. ಕಂಡೆನ್ಸೇಟ್ ಪೈಪ್ ಯಾವುದು?

ಬಿಸಿನೀರು ಹಿಡಿದುಕೊಂಡು ತಪ್ಪು ಪೈಪಿನ ಮುಂದೆ ನಿಲ್ಲುವವರು ಕಡಿಮೆಯೇನಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ.

ದಪ್ಪಗೆ, ಸುಮಾರು 100 ಮಿ.ಮೀ. ಅಗಲ, ಬಾಯಿಂದ ಬಿಳಿ ಆವಿ ಬಿಡುವುದು ಫ್ಲೂ, ಉರಿದ ಗಾಳಿ ಹೊರಹೋಗುವ ಕೊಳವೆ. ಅದರ ತಂಟೆಗೆ ಹೋಗಬೇಡಿ. ತೆಳ್ಳಗಿನ ತಾಮ್ರದ ಕೊಳವೆ, ತುದಿ ಗೋಡೆಯ ಕಡೆಗೇ ಬಾಗಿರುವುದು ಪ್ರೆಷರ್ ರಿಲೀಫ್ ಪೈಪ್. ಬಾಯ್ಲರ್‌ನೊಳಗಿನ ಒತ್ತಡ 3 ಬಾರ್ ದಾಟಿದರೆ ನೀರನ್ನು ಹೊರಗೆ ಉಗುಳುವುದು ಅದರ ಕೆಲಸ. ಅದು ಸದಾ ತೊಟ್ಟಿಕ್ಕುತ್ತಿದ್ದರೆ ಬೇರೆಯದೇ ರೋಗ, ಕಂಡೆನ್ಸೇಟಿಗೆ ಸಂಬಂಧವಿಲ್ಲ. ಉಳಿದದ್ದು ಬಿಳಿ, ಬೂದು ಅಥವಾ ಕಪ್ಪು ಪ್ಲಾಸ್ಟಿಕ್ ಪೈಪ್, 21.5 ಅಥವಾ 32 ಮಿ.ಮೀ. ಬಾಯ್ಲರ್ ಇರುವ ಗೋಡೆಯಿಂದ ಹೊರಬಿದ್ದು ಕೆಳಗಿನ ಮೋರಿಗೋ ದಪ್ಪ ಮಲದ ಪೈಪಿಗೋ ಸೇರುತ್ತದೆ. ನಿಮಗೆ ಬೇಕಾದದ್ದು ಅದು. ಹೊರಗೆ ಅಂಥ ಪೈಪು ಕಾಣದಿದ್ದರೆ ಬೇಸರಪಡಬೇಡಿ: ಒಳಗಿಂದೊಳಗೇ ಸಿಂಕಿನ ಪೈಪಿಗೋ ಮಲದ ಪೈಪಿಗೋ ಸೇರಿಸಿದ್ದಾರೆ ಎಂದರ್ಥ, ಅದು ಒಳ್ಳೆಯ ಕೆಲಸ.

ಕಟ್ಟಿಕೊಂಡಿದೆ ಅಂತ ಹೇಗೆ ಗೊತ್ತಾಗುತ್ತದೆ?

ಮೊದಲ ಗುರುತು ಸದ್ದು. ಬಾಯ್ಲರ್ ಹೊತ್ತಿಕೊಳ್ಳಲು ಹೋದಾಗ ಒಳಗಿಂದ ಗುಳುಗುಳು, ಹುಕ್ಕಾ ಸೇದಿದ ಹಾಗೆ. ಹೊರಗೆ ಹೋಗದ ನೀರು ಹಿಂದಕ್ಕೆ ಏರಿ, ಉರಿಯ ಬಿಸಿಯನ್ನು ನೀರಿಗೆ ದಾಟಿಸುವ ಭಾಗವಾದ ಹೀಟ್ ಎಕ್ಸ್‌ಚೇಂಜರ್‌ನ ತಳದಲ್ಲಿ ನಿಂತಿರುತ್ತದೆ. ಫ್ಯಾನ್ ತಳ್ಳುವ ಗಾಳಿ ಆ ನೀರನ್ನು ಸೀಳಿಕೊಂಡು ಹೋಗುವ ಸದ್ದು ಅದು. ಎರಡನೆಯದು, ಬಾಯ್ಲರ್ ಹೊತ್ತಿಕೊಂಡು ಕೆಲವೇ ಕ್ಷಣದಲ್ಲಿ ಆರುವುದು, ಎರಡು ಮೂರು ಸಲ ಪ್ರಯತ್ನಿಸಿ ಲಾಕ್ ಆಗುವುದು.

ಮೂರನೆಯದು ಪರದೆಯ ಮೇಲಿನ ಕೋಡ್. ಇಲ್ಲಿ ಒಂದು ಎಚ್ಚರಿಕೆ. ಕೆಲವು ಮಾದರಿಗಳಲ್ಲಿ ಮಾತ್ರ ಕಂಡೆನ್ಸೇಟ್ ತಡೆಗೆಂದೇ ಸೆನ್ಸರ್ ಇದೆ. ಉಳಿದವು ತೋರಿಸುವುದು ‘ಜ್ವಾಲೆ ಹೊತ್ತಲಿಲ್ಲ’ ಅಥವಾ ‘ಜ್ವಾಲೆ ಆರಿತು’ ಎಂಬ ಸಾಮಾನ್ಯ ದೂರನ್ನು: ವೂಸ್ಟರ್‌ನ ಹಲವು ಮಾದರಿಗಳಲ್ಲಿ ಇಎ, ವೈಲಾಂಟ್‌ನಲ್ಲಿ ಎಫ್28 ಅಥವಾ ಎಫ್29, ಬ್ಯಾಕ್ಸಿಯಲ್ಲಿ ಇ133, ಐಡಿಯಲ್‌ನಲ್ಲಿ ಎಲ್2. ಗ್ಯಾಸ್ ಪೂರೈಕೆ ನಿಂತರೂ, ಪ್ರೀಪೇಯ್ಡ್ ಮೀಟರ್‌ನಲ್ಲಿ ದುಡ್ಡು ಮುಗಿದರೂ, ಇಗ್ನಿಷನ್ ಕೆಟ್ಟರೂ ಇವೇ ಕೋಡ್‌ಗಳು ಬರುತ್ತವೆ. ಅದಕ್ಕೇ ಮೊದಲು ಅಡುಗೆ ಒಲೆ ಹಚ್ಚಿ ನೋಡಿ. ಒಲೆ ಉರಿದರೆ ಗ್ಯಾಸ್ ಬರುತ್ತಿದೆ. ಗ್ಯಾಸ್ ಇದೆ, ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿತ್ತು, ಪೈಪ್ ಹೊರಗೋಡೆಯಲ್ಲಿದೆ, ಗುಳುಗುಳು ಕೇಳಿಸಿತು: ಈ ನಾಲ್ಕೂ ಕೂಡಿದರೆ ಪೈಪು ಹೆಪ್ಪುಗಟ್ಟಿದೆ ಎಂದೇ ಹಿಡಿಯಿರಿ.

ಹೆಪ್ಪುಗಟ್ಟಿದ ಪೈಪನ್ನು ನಾನೇ ಕರಗಿಸಬಹುದೇ?

ನೆಲದ ಮೇಲೆ ನಿಂತು ಕೈಗೆ ಎಟುಕುವಂತಿದ್ದರೆ ಖಂಡಿತ. ಏಣಿ ಬೇಕಾಗುವ ಎತ್ತರವಿದ್ದರೆ ಬೇಡ. ಮಂಜುಗಟ್ಟಿದ ಅಂಗಳದಲ್ಲಿ, ಒಂದು ಕೈಯಲ್ಲಿ ಬಿಸಿನೀರಿನ ಜಗ್ ಹಿಡಿದು ಏಣಿ ಹತ್ತುವುದಕ್ಕಿಂತ ಒಂದು ದಿನ ಸ್ವೆಟರ್ ಹಾಕಿಕೊಂಡಿರುವುದು ಲೇಸು.

ಬಾಯ್ಲರ್ ಅನ್ನು ಸ್ವಿಚ್ಚಿನಲ್ಲಿ ಆರಿಸಿ. ಪೈಪಿನ ಉದ್ದಕ್ಕೂ ಕಣ್ಣಾಡಿಸಿ: ಹೆಪ್ಪುಗಟ್ಟುವುದು ಸಾಮಾನ್ಯವಾಗಿ ಮೋರಿಯೊಳಗೆ ತೆರೆದುಕೊಳ್ಳುವ ತುದಿಯಲ್ಲಿ, ಮೊಣಕೈಯಂತೆ ಬಾಗಿದ ಕಡೆ, ಇಲ್ಲವೇ ಜೋತುಬಿದ್ದು ನೀರು ನಿಲ್ಲುವ ಅಡ್ಡ ಭಾಗದಲ್ಲಿ. ಹೊದಿಕೆ ಸುತ್ತಿದ್ದರೆ ಅಲ್ಲಿ ಬಿಚ್ಚಿ.

ಎರಡು ಪಾಲು ಕುದಿದ ನೀರಿಗೆ ಮೂರು ಪಾಲು ನಲ್ಲಿಯ ತಣ್ಣೀರು ಬೆರೆಸಿ. ಅಭ್ಯಂಜನಕ್ಕೆ ಹದ ಮಾಡುವ ನೀರಿನಷ್ಟು ಬಿಸಿ, 40–45 ಡಿಗ್ರಿ ಸಾಕು. ಕೆಳಗಿನ ತುದಿಯಿಂದ ಶುರುಮಾಡಿ ಮೇಲಕ್ಕೆ ಹೋಗಿ. ಇದನ್ನು ತಲೆಕೆಳಗು ಮಾಡುವವರೇ ಹೆಚ್ಚು; ಮೇಲೆ ಮೊದಲು ಕರಗಿಸಿದರೆ ಕರಗಿದ ನೀರಿಗೆ ಹೋಗಲು ದಾರಿಯಿಲ್ಲ, ಕೆಳಗಿನ ಹಿಮದ ಮೇಲೆ ನಿಂತು ಅದೂ ಗಟ್ಟಿಯಾಗುತ್ತದೆ. ಜಗ್ಗಿನಿಂದ ನಿಧಾನವಾಗಿ ಪೈಪಿನ ಮೇಲೆ ಹೊಯ್ಯಿರಿ, ಮತ್ತೆ ಹೊಯ್ಯಿರಿ. ನೀರು ಚೆಲ್ಲುವುದು ಬೇಡವೆಂದರೆ ಬಿಸಿನೀರಿನ ರಬ್ಬರ್ ಚೀಲ ಅಥವಾ ಮೈಕ್ರೋವೇವ್‌ನಲ್ಲಿ ಕಾಯಿಸುವ ಗೋಧಿ ಚೀಲವನ್ನು ಬಾಗಿದ ಕಡೆ ಕಟ್ಟಿ. ಹದಿನೈದು ಇಪ್ಪತ್ತು ನಿಮಿಷ ಹಿಡಿಯಬಹುದು. ಒಮ್ಮೊಮ್ಮೆ ತುದಿಯಿಂದ ಬೆರಳುದ್ದದ ಹಿಮದ ಕಡ್ಡಿ ಜಾರಿ ಬೀಳುತ್ತದೆ, ಅದರ ಹಿಂದೆಯೇ ನಿಂತಿದ್ದ ನೀರು ಬುಳುಕ್ಕನೆ ಬರುತ್ತದೆ. ಆಗ ಕೆಲಸ ಮುಗಿದಂತೆ.

ಒಳಗೆ ಬಂದು ಬಾಯ್ಲರ್ ಹಾಕಿ, ರೀಸೆಟ್ ಗುಂಡಿಯನ್ನು ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಒತ್ತಿ ಹಿಡಿಯಿರಿ. ಕಾಲುದಾರಿಯ ಮೇಲೆ ಚೆಲ್ಲಿದ ನೀರಿಗೆ ಒಂದು ಹಿಡಿ ಉಪ್ಪು ಎರಚಿ, ಇಲ್ಲವಾದರೆ ಅರ್ಧ ಗಂಟೆಯಲ್ಲಿ ಅಂಚೆಯವರು ಜಾರುತ್ತಾರೆ.

ಕುದಿಯುವ ನೀರನ್ನೇ ಹೊಯ್ದರೆ ಬೇಗ ಆಗುವುದಿಲ್ಲವೇ?

ಬೇಗ ಆಗುತ್ತದೆ, ಪೈಪು ಸೀಳುವುದೂ ಬೇಗ ಆಗುತ್ತದೆ. ಹಿಮದಲ್ಲಿ ಬಿರುಸಾದ ಪ್ಲಾಸ್ಟಿಕ್ಕಿಗೆ ನೂರು ಡಿಗ್ರಿಯ ನೀರು ಬಿದ್ದರೆ ಅಂಟಿಸಿದ ಸೇರಿಕೆಗಳು ಬಿಟ್ಟುಕೊಳ್ಳುತ್ತವೆ. ಬ್ಲೋಲ್ಯಾಂಪ್‌ನ ಮಾತು ಎತ್ತಲೇಬೇಡಿ. ಹೇರ್ ಡ್ರೈಯರ್ ಹೊರಗಿನ ಒದ್ದೆಯಲ್ಲಿ ಕರೆಂಟಿನ ಅಪಾಯ. ಪೈಪಿನೊಳಗೆ ಉಪ್ಪುನೀರು, ಬ್ಲೀಚ್, ಮೋರಿ ಬಿಡಿಸುವ ರಾಸಾಯನಿಕ ಸುರಿಯುವುದೂ ಬೇಡ. ಅದು ಹಿಂದಕ್ಕೆ ಏರಿದರೆ ತಲುಪುವುದು ಬಾಯ್ಲರ್‌ನ ಹೊಟ್ಟೆಗೆ.

ರೀಸೆಟ್ ಒತ್ತಿದರೂ ಮತ್ತೆ ಅದೇ ಕೋಡ್. ಎಷ್ಟು ಸಲ ಒತ್ತಬಹುದು?

ಎರಡು ಸಲ, ನಡುವೆ ಕೆಲವು ನಿಮಿಷ ಬಿಟ್ಟು. ಅದಕ್ಕಿಂತ ಹೆಚ್ಚು ಒತ್ತಿದರೆ ಪ್ರಯೋಜನವಿಲ್ಲ. ಪೈಪು ಇನ್ನೂ ಪೂರ್ತಿ ಬಿಟ್ಟಿಲ್ಲದೆ ಇರಬಹುದು, ಗೋಡೆಯೊಳಗೆ ಹಾದುಹೋಗುವ ತುಂಡಿನಲ್ಲಿ ಹಿಮ ಉಳಿದಿರಬಹುದು, ಅಥವಾ ಒಳಗೆ ಕಿಡಿ ಹಾರಿಸುವ ಎಲೆಕ್ಟ್ರೋಡ್ ಒದ್ದೆಯಾಗಿರಬಹುದು. ಮುಂದಿನದು ಎಂಜಿನಿಯರ್ ಕೆಲಸ.

ಚಳಿಯೇ ಇಲ್ಲ, ಮೇ ತಿಂಗಳು. ಆದರೂ ಗುಳುಗುಳು. ಏನು ಕಾರಣ?

ಹಿಮವಲ್ಲದಿದ್ದರೆ ಕೊಳೆ. ಮೊದಲ ಆರೋಪಿ ಲೋಳೆ: ಬೆಚ್ಚಗಿನ, ಒದ್ದೆಯಾದ ಕತ್ತಲೆ ಕೊಳವೆಯಲ್ಲಿ ಜೆಲ್ಲಿಯಂಥ ಪೊರೆ ಬೆಳೆಯುತ್ತದೆ. ಎರಡನೆಯದು ಬಾಯ್ಲರ್‌ನೊಳಗಿನಿಂದಲೇ ಉದುರುವ ಪುಡಿ. ಅಲ್ಯೂಮಿನಿಯಂ ಹೀಟ್ ಎಕ್ಸ್‌ಚೇಂಜರ್ ಇದ್ದರೆ ಬೂದು ಬಿಳಿ ಕೆಸರು, ಒದ್ದೆ ವಿಭೂತಿಯ ಹಾಗೆ, ಟ್ರ್ಯಾಪ್‌ನ (ಬಾಯ್ಲರ್‌ನಲ್ಲಿ ಸ್ವಲ್ಪ ನೀರು ಹಿಡಿದಿಟ್ಟುಕೊಳ್ಳುವ ಬಟ್ಟಲು) ತಳದಲ್ಲಿ ಕೂಡುತ್ತದೆ. ವಾರ್ಷಿಕ ಸರ್ವಿಸ್‌ನಲ್ಲಿ ಟ್ರ್ಯಾಪ್ ಬಿಚ್ಚಿ ತೊಳೆಯಬೇಕು. ಹತ್ತು ನಿಮಿಷದಲ್ಲಿ ಸರ್ವಿಸ್ ಮುಗಿಸಿ ಸಹಿ ಹಾಕಿ ಹೋದವರು ಅದನ್ನು ಮಾಡಿರುವುದು ಕಷ್ಟ, ಎದುರಿಗೇ ಕೇಳಿ.

ಮೂರನೆಯದು ನಮ್ಮ ಅಡುಗೆಮನೆಯದೇ. ಅನೇಕ ಮನೆಗಳಲ್ಲಿ ಕಂಡೆನ್ಸೇಟ್ ಪೈಪನ್ನು ಅಡುಗೆ ಸಿಂಕಿನ ಕೆಳಗಿನ ಪೈಪಿಗೆ ಸೇರಿಸಿರುತ್ತಾರೆ. ಬಾಣಲೆಯ ಎಣ್ಣೆ, ಒಬ್ಬಟ್ಟಿನ ತಟ್ಟೆಯ ತುಪ್ಪ, ಅನ್ನ ಬಸಿದ ಗಂಜಿ, ಇಡ್ಲಿ ಹಿಟ್ಟಿನ ಪಾತ್ರೆ ತೊಳೆದ ನೀರು ಎಲ್ಲ ಅದೇ ದಾರಿಯಲ್ಲಿ ಹೋಗುತ್ತವೆ. ಊರಿನಲ್ಲಿ ತುಪ್ಪ ಹರಿದುಹೋಗುವ ಕಾಲದಲ್ಲಿ ಇಲ್ಲಿ ಅದು ಪೈಪಿನ ಗೋಡೆಗೆ ಮೇಣದಂತೆ ಅಂಟುತ್ತದೆ, ಅದರ ಮೇಲೆ ಗಂಜಿ, ಅದರ ಮೇಲೆ ಕರಿಬೇವಿನ ಎಲೆ. ಸಿಂಕ್ ನಿಧಾನವಾಗಿ ಖಾಲಿಯಾಗಲು ಶುರುವಾದಾಗಲೇ ಬಾಯ್ಲರ್‌ಗೆ ಮುನ್ಸೂಚನೆ ಸಿಕ್ಕಿದೆ ಎಂದುಕೊಳ್ಳಿ. ಪರೀಕ್ಷೆ ಸುಲಭ: ಸಿಂಕ್ ತುಂಬಿಸಿ ಒಮ್ಮೆಲೇ ಬಿಡಿ, ಬಾಯ್ಲರ್ ಹತ್ತಿರ ಕಿವಿಗೊಡಿ. ನೀರು ಇಳಿಯುವಾಗ ಬಾಯ್ಲರ್ ಕೆಳಗಿನ ಪೈಪು ಬುಳುಬುಳು ಎಂದರೆ ತಡೆ ಇರುವುದು ಎರಡೂ ಕೂಡಿದ ಜಾಗದಿಂದ ಮುಂದೆ. ಸಿಂಕಿನ ಕೆಳಗಿನ ಟ್ರ್ಯಾಪ್‌ಗೆ ಬಕೆಟ್ ಹಿಡಿದು ಕೈಯಲ್ಲೇ ತಿರುಗಿಸಿ ಬಿಚ್ಚಿ ತೊಳೆಯಬಹುದು. ಅದು ಬಾಯ್ಲರ್‌ನ ಟ್ರ್ಯಾಪ್ ಅಲ್ಲ, ಗ್ಯಾಸಿನ ಕೆಲಸವೂ ಅಲ್ಲ. ಬಾಣಲೆಯ ಎಣ್ಣೆಯನ್ನು ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕುವ ಅಭ್ಯಾಸ ಮಾಡಿಕೊಂಡರೆ ಈ ಪ್ರಶ್ನೆ ಮತ್ತೆ ಬರುವುದಿಲ್ಲ.

ನಾಲ್ಕನೆಯದು ವಾಟ. ಪೈಪಿನ ಕ್ಲಿಪ್ ಬಿಟ್ಟು ನಡುವೆ ಜೋತುಬಿದ್ದರೆ ಅಲ್ಲಿ ನೀರು ನಿಂತು ಎರಡನೇ ಟ್ರ್ಯಾಪ್‌ನಂತಾಗುತ್ತದೆ. ಎರಡು ಟ್ರ್ಯಾಪ್‌ಗಳ ನಡುವೆ ಸಿಕ್ಕ ಗಾಳಿ ಹೊರಗೆ ಹೋಗಲಾರದೆ ನೀರನ್ನು ತಡೆದು ನಿಲ್ಲಿಸುತ್ತದೆ. ಪೈಪಿನಲ್ಲಿ ಏನೂ ಕಟ್ಟಿಕೊಂಡಿರುವುದಿಲ್ಲ, ಆದರೂ ನೀರು ಹೋಗುವುದಿಲ್ಲ.

ಬಾಯ್ಲರ್ ಕೆಳಗೆ ನೀರು ತೊಟ್ಟಿಕ್ಕುತ್ತಿದೆ. ಕಂಡೆನ್ಸೇಟೋ, ರೇಡಿಯೇಟರ್ ನೀರೋ?

ಮೊದಲು ಒತ್ತಡದ ಮುಳ್ಳು ನೋಡಿ. ಬಾಯ್ಲರ್ ತಣ್ಣಗಿದ್ದಾಗ 1ರಿಂದ 1.5 ಬಾರ್ ಇರಬೇಕಾದದ್ದು ದಿನೇದಿನೇ ಇಳಿಯುತ್ತಿದ್ದರೆ ಸೋರುತ್ತಿರುವುದು ರೇಡಿಯೇಟರ್ ಸುತ್ತುವ ನೀರು. ಒತ್ತಡ ಕದಲದೆ, ಬಾಯ್ಲರ್ ಉರಿಯುವಾಗ ಮಾತ್ರ ತೊಟ್ಟಿಕ್ಕಿ, ಆರಿದ ಮೇಲೆ ನಿಂತರೆ ಕಂಡೆನ್ಸೇಟ್. ತೊಟ್ಟಿಕ್ಕಿದ ನೀರನ್ನು ಬಿಳಿ ಬಟ್ಟಲಲ್ಲಿ ಹಿಡಿಯಿರಿ: ರೇಡಿಯೇಟರ್ ನೀರು ಬಹಳ ಸಲ ಕಪ್ಪು ಕಪ್ಪಾಗಿ ಇರುತ್ತದೆ, ಕಂಡೆನ್ಸೇಟ್ ತಿಳಿ. ಮೀನಿನ ತೊಟ್ಟಿಗೆ ಬಳಸುವ ಪಿಎಚ್ ಕಾಗದ ಅದ್ದಿದರೆ ಅನುಮಾನ ಉಳಿಯುವುದಿಲ್ಲ.

ಎರಡರಲ್ಲಿ ಯಾವುದಾದರೂ ಸರಿ, ಅದು ಬಾಯ್ಲರ್ ಪೆಟ್ಟಿಗೆಯೊಳಗಿಂದ ಬರುತ್ತಿದ್ದರೆ ಕೆಳಗೆ ಪಾತ್ರೆ ಇಟ್ಟು, ಬಾಯ್ಲರ್ ಆರಿಸಿ, ಎಂಜಿನಿಯರ್ ಕರೆಯಿರಿ. ಒಳಗಿನ ಸರ್ಕ್ಯೂಟ್ ಬೋರ್ಡ್ ಮೇಲೆ ಹುಳಿ ನೀರು ಬಿದ್ದರೆ ಖರ್ಚು ಒಂದಕ್ಕೆ ಹತ್ತಾಗುತ್ತದೆ.

ಬಾಯ್ಲರ್‌ನ ಟ್ರ್ಯಾಪ್ ಬಿಚ್ಚಿ ತೊಳೆಯುವ ವಿಡಿಯೋ ನೋಡಿದೆ. ನಾನೂ ಮಾಡಲೇ?

ಬೇಡ. ಟ್ರ್ಯಾಪ್ ಬರಿ ಕೊಳೆ ಹಿಡಿಯುವ ಬಟ್ಟಲು ಅಲ್ಲ. ಅದರಲ್ಲಿ ನಿಂತಿರುವ 75 ಮಿ.ಮೀ.ನಷ್ಟು ನೀರು ಉರಿದ ಗಾಳಿಗೆ ಅಡ್ಡ ಹಾಕಿದ ಬಾಗಿಲು. ಅದು ಖಾಲಿಯಾಗಿದ್ದರೆ, ಅಥವಾ ಸರಿಯಾಗಿ ಕೂರದಿದ್ದರೆ, ಬಾಯ್ಲರ್ ಉರಿದಾಗ ಫ್ಲೂ ಗಾಳಿ ಮನೆಯೊಳಗೆ ಬರುತ್ತದೆ. ಅದರಲ್ಲಿ ವಾಸನೆಯಿಲ್ಲದ, ಬಣ್ಣವಿಲ್ಲದ ಕಾರ್ಬನ್ ಮಾನಾಕ್ಸೈಡ್ ಇರಬಹುದು. ಅನೇಕ ಬಾಯ್ಲರ್‌ಗಳ ಮುಂದಿನ ತಗಡೇ ಉರಿಯ ಕೋಣೆಯ ಮುಚ್ಚಳ. ಅದರ ರಬ್ಬರ್ ಅಂಚು ಒಂದಿಂಚು ಸರಿದರೂ ಅಪಾಯ. ಪೆಟ್ಟಿಗೆ ತೆಗೆಯುವ ಯಾವ ಕೆಲಸವಿದ್ದರೂ ಗ್ಯಾಸ್ ಸೇಫ್ (ಗ್ಯಾಸ್ ಕೆಲಸ ಮಾಡುವವರ ಅಧಿಕೃತ ಪಟ್ಟಿ) ನೋಂದಣಿ ಇರುವವರನ್ನೇ ಕರೆಯಿರಿ. ಅವರ ಗುರುತಿನ ಚೀಟಿಯ ಹಿಂಬದಿಯನ್ನೂ ತಿರುಗಿಸಿ ನೋಡಿ. ಯಾವ ಯಾವ ಕೆಲಸಕ್ಕೆ ಅರ್ಹತೆ ಇದೆ ಎಂಬುದು ಅಲ್ಲಿ ಬರೆದಿರುತ್ತದೆ.

ಅವರು ಟ್ರ್ಯಾಪ್ ತೊಳೆದು ಹಾಕಿದ ಮೇಲೆ ಅದಕ್ಕೆ ನೀರು ತುಂಬಿಸಿದರೇ ಎಂದು ಒಂದು ಮಾತು ಕೇಳುವುದರಲ್ಲಿ ತಪ್ಪಿಲ್ಲ.

ಎಂಜಿನಿಯರ್ ಬರುವುದು ನಾಡಿದ್ದು. ಮನೆಯಲ್ಲಿ ಮಗು ಇದೆ. ಅಲ್ಲಿಯವರೆಗೆ?

ಬಾಯ್ಲರ್‌ನ ಟ್ರ್ಯಾಪ್ ದಾಟಿದ ಮೇಲೆ, ಮನೆಯೊಳಗೇ, ಕೈಯಲ್ಲಿ ತಿರುಗಿಸಿ ಬಿಚ್ಚುವಂಥ ಸೇರಿಕೆ ಇದ್ದರೆ, ಅಲ್ಲಿ ಬಿಡಿಸಿ ಕೆಳಗೆ ಬಕೆಟ್ ಇಡುವ ತಾತ್ಕಾಲಿಕ ಉಪಾಯವನ್ನು ಎಂಜಿನಿಯರ್‌ಗಳೇ ಫೋನಿನಲ್ಲಿ ಹೇಳುವುದುಂಟು. ಅವರು ನಿಮ್ಮ ಮಾದರಿ ಕೇಳಿ, ಚಿತ್ರ ನೋಡಿ, ‘ಇಲ್ಲಿ ಬಿಚ್ಚಿ’ ಎಂದರೆ ಮಾತ್ರ ಮಾಡಿ. ಯಾವ ಸೇರಿಕೆ ಟ್ರ್ಯಾಪ್‌ನ ಮುಂದಿನದು, ಯಾವುದು ಹಿಂದಿನದು ಎಂಬುದು ನೋಡಿದೊಡನೆ ಗೊತ್ತಾಗುವುದಿಲ್ಲ.

ಬಕೆಟ್ ಪ್ಲಾಸ್ಟಿಕ್ಕಿನದಾಗಿರಲಿ, ತಗಡಿನದು ಬೇಡ. ಗಂಟೆಗೆ ಎರಡು ಲೀಟರ್ ಲೆಕ್ಕದಲ್ಲಿ ಹತ್ತು ಲೀಟರಿನದು ಐದು ಗಂಟೆಗೆ ತುಂಬಬಹುದು. ಅಂದರೆ ರಾತ್ರಿ ಮಲಗುವಾಗ ಖಾಲಿ ಮಾಡಿ, ಹೀಟಿಂಗ್ ಕಡಿಮೆ ಮಾಡಿ ಮಲಗಬೇಕು. ನೀರನ್ನು ಶೌಚಾಲಯಕ್ಕೆ ಸುರಿಯಿರಿ. ಗಿಡಕ್ಕೆ, ಸಿಮೆಂಟಿನ ಅಂಗಳಕ್ಕೆ ಬೇಡ.

ಪ್ರತಿ ಚಳಿಗಾಲವೂ ಇದೇ ಗೋಳು. ಶಾಶ್ವತ ಪರಿಹಾರ ಏನು?

ಪೈಪು ಬದಲಿಸುವುದು. ಬಾಯ್ಲರ್ ಬದಲಿಸುವುದಲ್ಲ, ಯಾರಾದರೂ ಹಾಗೆ ಹೇಳಿದರೆ ಇನ್ನೊಬ್ಬರನ್ನು ಕೇಳಿ. 2010ರ ಡಿಸೆಂಬರ್‌ನಲ್ಲಿ, ಮಧ್ಯ ಇಂಗ್ಲೆಂಡಿನ ದಾಖಲೆಯಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಕಾಣದಂಥ ಚಳಿಯ ಡಿಸೆಂಬರ್ ಅದು, ದೇಶದ ಉದ್ದಗಲಕ್ಕೂ ಈ ಪೈಪುಗಳು ಹೆಪ್ಪುಗಟ್ಟಿ ಬಾಯ್ಲರ್‌ಗಳು ನಿಂತವು. ತೆಳ್ಳಗಿನ ಪೈಪನ್ನು ಹೊರಗೋಡೆಗೆ ಒಯ್ಯುವುದರ ಬಗ್ಗೆ ಕಸುಬಿನವರು ಗಂಭೀರವಾಗಿ ಯೋಚಿಸಿದ್ದು ಆ ಪೆಟ್ಟಿನ ಮೇಲೆಯೇ.

ಎಲ್ಲಕ್ಕಿಂತ ಒಳ್ಳೆಯದು ಪೈಪನ್ನು ಹೊರಗೆ ಬಿಡದೇ ಇರುವುದು. ಒಳಗಿರುವ ಮಲದ ಪೈಪು, ಸಿಂಕಿನ ಪೈಪು, ವಾಷಿಂಗ್ ಮೆಷಿನ್ ನೀರು ಬಿಡುವ ನಿಲುಗೊಳವೆ, ಯಾವುದಕ್ಕಾದರೂ ಸೇರಿಸಬಹುದು. ಬಾಯ್ಲರ್ ಜಾಗದಿಂದ ಅದು ಸಾಧ್ಯವೇ ಇಲ್ಲವೆಂದರೆ ಹೊರಗೆ ಹೋಗುವ ಪೈಪಿಗೆ ಕೆಲವು ಲೆಕ್ಕಗಳಿವೆ.

ಗಾತ್ರ: ಗೋಡೆ ದಾಟುವ ಮೊದಲೇ 21.5ರಿಂದ 32 ಮಿ.ಮೀ.ಗೆ ಏರಿಸಬೇಕು. 21.5 ಅನ್ನುವುದು ಹೊರಗಿನ ಅಳತೆ, ಒಳಗಿನ ದಾರಿ ಅದಕ್ಕಿಂತ ಚಿಕ್ಕದು. ಹನಿಗಳು ಗೋಡೆಗೆ ಪದರಪದರವಾಗಿ ಅಂಟಿ ಹೆಪ್ಪಾದರೆ ಮುಚ್ಚಿಹೋಗಲು ಹೆಚ್ಚು ಹೊತ್ತು ಬೇಡ. ಉದ್ದ: ಹೊರಗಿನ ಭಾಗ 3 ಮೀಟರ್ ಮೀರಬಾರದು, ಆದಷ್ಟು ನೇರ ಇಳಿಯಬೇಕು. ವಾಟ: ಮೀಟರಿಗೆ ಕನಿಷ್ಠ 45 ಮಿ.ಮೀ. ಇಳಿಜಾರು. ಗಾರೆಯವರ ರಸಮಟ್ಟ ಇಟ್ಟು ಕಣ್ಣಂದಾಜು ಮಾಡಿದರೆ ಸಾಲದು, ಟೇಪಿನಲ್ಲಿ ಅಳೆಯಿರಿ. ಕ್ಲಿಪ್: ಅಡ್ಡ ಪೈಪಿಗೆ ಅರ್ಧ ಮೀಟರಿಗೊಂದು, ನಿಂತ ಪೈಪಿಗೆ ಮೀಟರಿಗೊಂದು. ಬಾಗು: ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಕೊನೆಯ ತುದಿ: ಮೋರಿಯ ಜಾಲರಿಯ ಕೆಳಗೆ, ಆದರೆ ನಿಂತ ನೀರಿನ ಮೇಲೆ; ನೇರವಾಗಿ ಅಲ್ಲ, 45 ಡಿಗ್ರಿ ಓರೆಯಾಗಿ ಕತ್ತರಿಸಬೇಕು. ನೇರ ಕತ್ತರಿಸಿದ ಬಾಯಿಯಲ್ಲಿ ಕೊನೆಯ ಹನಿ ತೂಗಾಡಿ ಅಲ್ಲೇ ಹೆಪ್ಪಾಗುತ್ತದೆ, ಓರೆ ಬಾಯಿಯಲ್ಲಿ ತುದಿಗೆ ಜಾರಿ ಬೀಳುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಫಲ ಸಿಗುವುದು ಪ್ಲಂಬಿಂಗ್‌ನಲ್ಲಿ ಅಪರೂಪ.

ಬಾಯ್ಲರ್ ಪೆಟ್ಟಿಗೆಯ ಹೊರಗಿನ ಈ ಪೈಪು ಕೆಲಸವನ್ನು ಒಳ್ಳೆಯ ಪ್ಲಂಬರ್ ಮಾಡಬಹುದು.

ಫೋಮ್ ಹೊದಿಕೆ ಸುತ್ತಿದರೆ ಸಾಕೇ?

ಹೊದಿಕೆ ಬಿಸಿ ಕೊಡುವುದಿಲ್ಲ, ಇರುವ ಬಿಸಿ ಹೋಗುವುದನ್ನು ತಡ ಮಾಡುತ್ತದೆ. ಜೋತುಬಿದ್ದ ತೆಳು ಪೈಪಿಗೆ ಎಷ್ಟು ದಪ್ಪದ ಕಂಬಳಿ ಹೊದಿಸಿದರೂ ನಿಂತ ನೀರು ಒಂದು ರಾತ್ರಿಯಲ್ಲಲ್ಲದಿದ್ದರೆ ಮೂರನೇ ರಾತ್ರಿ ಹೆಪ್ಪಾಗುತ್ತದೆ. ಗಾತ್ರ, ವಾಟ ಸರಿಮಾಡಿದ ಮೇಲೆ ಹೊದಿಕೆ. 13 ಮಿ.ಮೀ.ಗಿಂತ 19 ಮಿ.ಮೀ. ಅಥವಾ ಇನ್ನೂ ದಪ್ಪದ್ದು ಮೇಲು. ನೀರು ಹೀರದ, ಬಿಸಿಲಿಗೆ ಪುಡಿಯಾಗದ ಬಗೆಯದೇ ಆಗಬೇಕು. ಮೊಣಕೈಗಳನ್ನು ಬಿಟ್ಟು ನೇರ ಭಾಗಕ್ಕಷ್ಟೇ ಸುತ್ತುವುದು ಎಲ್ಲೆಲ್ಲೂ ಕಾಣುವ ತಪ್ಪು. ಉತ್ತರ ದಿಕ್ಕಿನ, ಗಾಳಿ ಬಡಿಯುವ ಗೋಡೆಯಾದರೆ ಪೈಪಿಗೆ ಅಂಟಿಕೊಂಡಂತೆ ಸಾಗುವ ವಿದ್ಯುತ್ ತಂತಿ ಸಿಗುತ್ತದೆ, ಚಳಿ ಹೆಚ್ಚಿದಂತೆ ತಾನೇ ಬಿಸಿಯಾಗುವ ಬಗೆ. ಅದು ಕೆಲಸ ಮಾಡುತ್ತದೆ, ಆದರೆ ಕರೆಂಟು ಹೋದರೆ ಅದೂ ಇಲ್ಲ.

ನಮ್ಮದು ಫ್ಲಾಟ್. ಬಾಯ್ಲರ್ ಪಕ್ಕ ಸಣ್ಣ ಪೆಟ್ಟಿಗೆಯೊಂದು ಆಗಾಗ ಗುರ್ ಎನ್ನುತ್ತದೆ.

ಅದು ಕಂಡೆನ್ಸೇಟ್ ಪಂಪು. ನೀರು ತಾನೇ ಇಳಿದುಹೋಗಲು ವಾಟ ಸಿಗದ ನೆಲಮಾಳಿಗೆ, ಫ್ಲಾಟುಗಳಲ್ಲಿ ಹಾಕುತ್ತಾರೆ. ಒಳಗೆ ಒಂದು ತೇಲುಗುಂಡು. ನೀರು ಏರಿದಾಗ ಮೋಟಾರ್ ಓಡಿ ಸಣ್ಣ ಕೊಳವೆಯಲ್ಲಿ ಮೇಲಕ್ಕೆ ತಳ್ಳುತ್ತದೆ. ಲೋಳೆ ಹಿಡಿದು ತೇಲುಗುಂಡು ಸಿಕ್ಕಿಕೊಳ್ಳುವುದು, ಹಿಂದಕ್ಕೆ ಬರದಂತೆ ತಡೆಯುವ ಕವಾಟ ಕೆಡುವುದು, ಕೊಳವೆ ಎಲ್ಲೋ ಮಡಚಿಕೊಳ್ಳುವುದು: ಇವು ಮೂರೇ ಮುಖ್ಯ ರೋಗ. ತಳ್ಳಿದ ನೀರೆಲ್ಲ ವಾಪಸ್ ಬಂದು ಪಂಪು ನಿಮಿಷಕ್ಕೊಮ್ಮೆ ಓಡುತ್ತಿದ್ದರೆ ಕವಾಟ. ಓಡುವ ಸದ್ದೇ ಇಲ್ಲದಿದ್ದರೆ ಮೊದಲು ಪ್ಲಗ್ ನೋಡಿ. ಕಸ ಗುಡಿಸುವಾಗ ಯಾರೋ ಕಿತ್ತಿರುತ್ತಾರೆ.

ಸರಿಯಾಗಿ ಜೋಡಿಸಿದ ಪಂಪಿನಲ್ಲಿ ತುಂಬಿ ತುಳುಕುವ ಮೊದಲು ಬಾಯ್ಲರನ್ನು ನಿಲ್ಲಿಸುವ ಒಂದು ಜೋಡಿ ತಂತಿ ಇರುತ್ತದೆ. ಜೋಡಿಸುವವರು ಬಹಳ ಸಲ ಅದನ್ನು ಹಾಗೇ ಬಿಟ್ಟಿರುತ್ತಾರೆ. ಕೆಳಗಿನ ಮನೆಯವರ ಸೀಲಿಂಗ್‌ನಲ್ಲಿ ಕಲೆ ಮೂಡುವ ಮುಂಚೆ ಅದನ್ನು ಕೇಳಿ ಹಾಕಿಸಿ.

ಹತ್ತಿರದಲ್ಲಿ ಮೋರಿಯೇ ಇಲ್ಲ. ಮಳೆನೀರಿನ ಪೈಪಿಗೆ ಬಿಡಬಹುದೇ?

ಆ ಮಳೆನೀರು ಕೊನೆಗೆ ಹೊಲಸು ನೀರಿನ ಕೊಳವೆಗೇ ಸೇರುತ್ತಿದ್ದರೆ ಬಿಡಬಹುದು. ನೇರ ಹಳ್ಳಕ್ಕೋ ಮಣ್ಣಿಗೋ ಹೋಗುವ ಮಳೆನೀರಿನ ಸಾಲಾದರೆ ಬಿಡುವಂತಿಲ್ಲ, ಇದು ಹುಳಿ ನೀರು. ಅಂಥಲ್ಲಿ ಇಂಗುಗುಂಡಿ ಮಾಡುತ್ತಾರೆ: ಗೋಡೆಯಿಂದ ಕನಿಷ್ಠ ಅರ್ಧ ಮೀಟರ್ ದೂರ, ತೂತುಗಳಿರುವ 100 ಮಿ.ಮೀ. ಕೊಳವೆ ಹೂತು ಒಳಗೆ ಹತ್ತು ಮಿ.ಮೀ.ನ ಸುಣ್ಣಕಲ್ಲಿನ ಚೂರು ತುಂಬುವುದು, ತೂತುಗಳು ಮನೆಗೆ ಬೆನ್ನು ಹಾಕಿರಬೇಕು. ಸುಣ್ಣ ಹುಳಿಯನ್ನು ಕೊಲ್ಲುತ್ತದೆ. ಕಲ್ಲು ಸವೆಯುತ್ತದೆ, ಕೆಲವು ವರ್ಷಕ್ಕೊಮ್ಮೆ ಮೇಲೆ ತುಂಬಬೇಕು. ಗ್ರಾನೈಟ್ ಜಲ್ಲಿ ತುಂಬಿದರೆ ಏನೂ ಪ್ರಯೋಜನವಿಲ್ಲ.

ಡಿಸೆಂಬರ್‌ನಲ್ಲಿ ನಾಲ್ಕು ವಾರ ಬೆಂಗಳೂರಿಗೆ ಹೋಗುತ್ತಿದ್ದೇವೆ. ಬಾಯ್ಲರ್ ಆರಿಸಿ ಹೋಗುವುದೇ?

ಆರಿಸಿದರೆ ಕಂಡೆನ್ಸೇಟ್ ಹುಟ್ಟುವುದೇ ಇಲ್ಲ, ಆ ಪೈಪು ಹೆಪ್ಪುಗಟ್ಟುವ ಪ್ರಶ್ನೆಯೂ ಇಲ್ಲ. ಆದರೆ ಮನೆಯ ಮಿಕ್ಕೆಲ್ಲ ನೀರಿನ ಪೈಪುಗಳು ಒಡೆಯಬಹುದು, ಆ ನಷ್ಟ ದೊಡ್ಡದು. ಆದ್ದರಿಂದ ಬಾಯ್ಲರ್‌ಗೆ ಕರೆಂಟ್ ಇರಲಿ, ಥರ್ಮೋಸ್ಟಾಟ್ 12ರಿಂದ 15 ಡಿಗ್ರಿಯಲ್ಲಿರಲಿ. ಕನಿಷ್ಠ ಬಿಸಿಯಲ್ಲಿ ಆಗೊಮ್ಮೆ ಈಗೊಮ್ಮೆ ಉರಿಯುವ ಬಾಯ್ಲರ್ ಕಂಡೆನ್ಸೇಟ್ ಬಿಡುವುದು ತೊಟ್ಟು ತೊಟ್ಟಾಗಿ, ಹೆಪ್ಪುಗಟ್ಟಲು ಹೇಳಿ ಮಾಡಿಸಿದ ಹಾಗೆ. ಹೊರಗಿನ ಪೈಪು ದುರ್ಬಲವೆಂದು ಗೊತ್ತಿದ್ದರೆ ಹೊರಡುವ ಮೊದಲೇ ಅದನ್ನು ಸರಿಮಾಡಿಸಿ. ಕೀಲಿಕೈಯನ್ನು ಪಕ್ಕದವರಿಗೆ ಕೊಟ್ಟು ವಾರಕ್ಕೊಮ್ಮೆ ಬಾಯ್ಲರ್ ಪರದೆ ನೋಡಲು ಹೇಳಿ. ಚಳಿಗಾಲದಲ್ಲಿ ಖಾಲಿ ಬಿಟ್ಟ ಮನೆಗೆ ಇಂತಿಷ್ಟು ಹೀಟಿಂಗ್ ಇರಬೇಕು ಎಂಬ ಷರತ್ತು ಅನೇಕ ವಿಮೆಗಳಲ್ಲಿ ಇರುತ್ತದೆ, ನಿಮ್ಮದನ್ನು ಓದಿಕೊಳ್ಳಿ.

ಬಾಡಿಗೆ ಮನೆ. ಖರ್ಚು ಯಾರದು?

ಮನೆ ಮಾಲೀಕರದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೀಟಿಂಗ್, ಬಿಸಿನೀರಿನ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿಡುವುದು ಅವರ ಕಾನೂನಿನ ಹೊಣೆ. ಗ್ಯಾಸ್ ಉಪಕರಣಗಳನ್ನು ವರ್ಷಕ್ಕೊಮ್ಮೆ ಗ್ಯಾಸ್ ಸೇಫ್ ಎಂಜಿನಿಯರ್‌ರಿಂದ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಕೊಡಬೇಕು. 2022ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನ ಬಾಡಿಗೆ ಮನೆಗಳಲ್ಲಿ ಗ್ಯಾಸ್ ಬಾಯ್ಲರ್ ಇರುವ ವಾಸದ ಕೋಣೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಕೂಡ ಅವರೇ ಹಾಕಿಸಬೇಕು. ಪ್ರತಿ ಸಲ ಹೆಪ್ಪುಗಟ್ಟಿದಾಗಲೂ ದಿನಾಂಕ ಬರೆದು, ಪೈಪಿನ ಚಿತ್ರ ತೆಗೆದು ಇಮೇಲ್ ಮಾಡಿ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ.

ಫ್ಲೂನಿಂದ ಬಿಳಿ ಹೊಗೆ ಬರುತ್ತಿದೆ, ಬಾಯ್ಲರ್ ಸುಡುತ್ತಿದೆಯೇ?

ಅದು ಹೊಗೆಯಲ್ಲ, ಆವಿ. ಚಳಿಯಲ್ಲಿ ನಿಮ್ಮ ಉಸಿರು ಕಾಣುವ ಹಾಗೆಯೇ.

ನಮ್ಮ ಪೈಪಿನಿಂದ ಒಂದು ಹನಿಯೂ ಬರುವುದಿಲ್ಲ. ಅದು ಒಳ್ಳೆಯದೇ?

ಎರಡು ಸಾಧ್ಯತೆ. ಬಾಯ್ಲರ್ ನೀರನ್ನು 75–80 ಡಿಗ್ರಿಗೆ ಕಾಯಿಸುತ್ತಿದ್ದರೆ ರೇಡಿಯೇಟರ್‌ನಿಂದ ವಾಪಸ್ ಬರುವ ನೀರೂ 55ಕ್ಕಿಂತ ಬಿಸಿ. ಆವಿ ನೀರಾಗದೆ ಹೊರಗೆ ಹೋಗುತ್ತದೆ, ಅದರ ಜೊತೆ ನಿಮ್ಮ ಗ್ಯಾಸ್ ದುಡ್ಡೂ. ಸಿಲಿಂಡರ್ ಇಲ್ಲದೆ ನಲ್ಲಿಯ ನೀರನ್ನೂ ತಾನೇ ಕಾಯಿಸಿಕೊಡುವ ಕಾಂಬಿ ಬಾಯ್ಲರ್ ಆದರೆ ರೇಡಿಯೇಟರ್ ಗುಂಡಿಯನ್ನು 60 ಅಥವಾ ಅದಕ್ಕಿಂತ ಕೆಳಗೆ ಇಟ್ಟು ಒಂದು ಗಂಟೆ ಓಡಿಸಿ ನೋಡಿ. ಬಿಸಿನೀರಿನ ಪ್ರತ್ಯೇಕ ಸಿಲಿಂಡರ್ ಇರುವ ಮನೆಯವರು ಅಷ್ಟು ಇಳಿಸಬೇಡಿ. ಸಿಲಿಂಡರ್ ನೀರು 60 ಡಿಗ್ರಿ ಮುಟ್ಟದಿದ್ದರೆ ಶ್ವಾಸಕೋಶಕ್ಕೆ ಸೋಂಕು ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು. ಉಷ್ಣಾಂಶ ಇಳಿಸಿದ ಮೇಲೂ ಪೈಪಿನ ತುದಿ ಒಣಗಿಯೇ ಇದ್ದರೆ ನೀರು ಬೇರೆಲ್ಲೋ ಹೋಗುತ್ತಿದೆ ಎಂದರ್ಥ. ಬಾಯ್ಲರ್ ಆರಿಸಿ, ಕೆಳಗಿನ ಕಪಾಟಿನ ಹಲಗೆಯನ್ನು ಕೈಯಿಂದ ಸವರಿ ನೋಡಿ. ಒದ್ದೆಯಿದ್ದರೆ, ಅಥವಾ ಮರ ಉಬ್ಬಿದ್ದರೆ, ಮತ್ತೆ ಹಾಕದೆ ಎಂಜಿನಿಯರ್‌ಗೆ ಫೋನ್ ಮಾಡಿ.